ಹಬ್ಬದ ಹಣಕ್ಕೊಂದು ಬೀಗ

ಗೃಹಸ್ಥನ ಮನೆಗೆ ಬರುವ ಖರ್ಚುಗಳಲ್ಲಿ ಎರಡು ಬಗೆಯುಂಟು. ರೋಗ, ಮರಣ, ಅತಿವೃಷ್ಟಿ ಮೊದಲಾದುವು ಹೇಳದೆ ಬರುವುವು; ಅವಕ್ಕೆ ಸಿದ್ಧನಾಗಿರಲಿಲ್ಲವೆಂದು ಯಾರೂ ಅವನನ್ನು ದೂರಲಾರರು. ಹಬ್ಬವಾದರೋ ಪಂಚಾಂಗದಲ್ಲಿ ಅಚ್ಚಾಗಿ, ವರ್ಷಕ್ಕೆ ಮೊದಲೇ ತನ್ನ ಬರವನ್ನು ಸಾರಿಕೊಂಡು ಬರುತ್ತದೆ. ನಮ್ಮ ಹಬ್ಬಗಳಿಗೆ ಅಧಿಕಮಾಸದ ನೆವದಿಂದ ಅಷ್ಟಿಷ್ಟು ಹಿಂದುಮುಂದಾಗುವ ಸ್ವಾತಂತ್ರ್ಯವಾದರೂ ಇದೆ. ಇಂಗ್ಲೆಂಡಿನವರ ಕ್ರಿಸ್‌ಮಸ್ ಹಬ್ಬಕ್ಕೆ ಅದೂ ಇಲ್ಲ. ಡಿಸೆಂಬರ್ 25 ಎಂದರೆ 25. ಹೀಗಿದ್ದರೂ ಡಿಸೆಂಬರ್ ತಿಂಗಳು ಹುಟ್ಟಿದೊಡನೆ ಅಲ್ಲಿಯ ಸಂಸಾರವಂದಿಗರಲ್ಲಿ ಅನೇಕರು, ಗೌರಿಹಬ್ಬದ ಹಿಂದಿನ ದಿನ ನಮ್ಮವರು ಹೇಗೋ ಹಾಗೆಯೇ, ಕೈಯಲ್ಲಿ ಕಾಸಿಲ್ಲವೆಂದು ತಲೆಯ ಮೇಲೆ ಕೈಹೊತ್ತು ಕುಳಿತುಕೊಳ್ಳುತ್ತಾರೆ. ಬರುವುದು ಗೊತ್ತಿದ್ದೂ ಸಿದ್ಧವಾಗದಿರುವ ಗುಣ ಯಾವ ಒಂದು ದೇಶದ ಸ್ವತ್ತೂ ಅಲ್ಲ.

ಈ ಕಷ್ಟಕ್ಕೆ ಬ್ರಿಟನ್ನಿನ ದುಡಿಯುವ ಜನ ಕಂಡುಕೊಂಡಿರುವ ಒಂದು ಉಪಾಯವನ್ನು ಕುರಿತು ನಾಲ್ಕು ಮಾತು ಬರೆಯುವುದು ನನ್ನ ಉದ್ದೇಶ. ನನ್ನ ಮಗಳೂ ಅಳಿಯನೂ ಆ ದೇಶದ ನಡುಸೀಮೆಯ ಒಂದು ಊರಿನಲ್ಲಿ ಸಂಸಾರ ಹೂಡಿದ್ದಾರೆ. ಅಲ್ಲಿ ಕೆಲವು ತಿಂಗಳು ಇದ್ದಾಗ ಅವರ ನೆರೆಮನೆಯಾಕೆಯ ಪರಿಚಯವಾಯಿತು. ಆಕೆ ಪಾಠಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಮಾಡುವವಳು; ಮೂರು ಮಕ್ಕಳ ತಾಯಿ. ವಾರವಾರವೂ ಆಕೆ ಹಬ್ಬದ ಉಳಿತಾಯದ ಕ್ಲಬ್ಬಿಗೆ ಐದು ಪೌಂಡು ಕಟ್ಟುತ್ತಿದ್ದಳು. ತನ್ನದಲ್ಲದೆ ತನ್ನ ತಂಗಿಯ ಹಣವನ್ನೂ, ಜೊತೆಯ ಕೆಲಸದವರಿಬ್ಬರ ಹಣವನ್ನೂ ತಾನೇ ವಸೂಲುಮಾಡಿ ಕಳುಹಿಸುತ್ತಿದ್ದಳು.

ಕ್ಲಬ್ಬಿನ ಕ್ರಮ ಸರಳವಾದುದು. ವರ್ಷಾರಂಭದಲ್ಲಿ ಇಷ್ಟು ಹಣವೆಂದು ಗೊತ್ತುಮಾಡಿಕೊಂಡು, ವಾರಕ್ಕೋ ತಿಂಗಳಿಗೋ ಕಂತು ಕಟ್ಟುತ್ತ ಹೋಗಬೇಕು. ಹಬ್ಬ ಹತ್ತಿರವಾದಾಗ ಕ್ಲಬ್ಬಿನವರು ಕಟ್ಟಿದ ಹಣಕ್ಕೆ ಸಮನಾದ ವೋಚರುಗಳನ್ನು, ಎಂದರೆ ಗೊತ್ತಾದ ಅಂಗಡಿಗಳಲ್ಲಿ ಹಣದಂತೆಯೇ ಸಲ್ಲುವ ಚೀಟಿಗಳನ್ನು, ಕಳುಹಿಸಿಕೊಡುವರು. ಈಚೆಗೆ ಕಾಗದದ ಚೀಟಿಗೆ ಬದಲಾಗಿ ಕಾರ್ಡು ಕೊಡುವ ಪದ್ಧತಿಯೂ ಬಂದಿದೆ. ಕಟ್ಟಿದ ಹಣಕ್ಕೆ ಬಡ್ಡಿಯಿಲ್ಲ. ನಡುವೆ ಮನಸ್ಸು ಬದಲಾಯಿಸಿ ಹಣ ಹಿಂದಕ್ಕೆ ಬೇಕೆಂದರೆ ಸುಲಭವಾಗಿ ಸಿಗುವುದೂ ಇಲ್ಲ.

ನನ್ನ ಅಳಿಯ ಲೆಕ್ಕಪತ್ರದ ಉದ್ಯೋಗದವರು. ಈ ಕ್ಲಬ್ಬಿನ ಮಾತೆತ್ತಿದರೆ ಅವರಿಗೆ ನಗು. "ಮಾವ, ಇದು ಕೂಡಿಸಿ ಕಳೆಯಲು ಬಾರದವರ ವ್ಯಾಪಾರ. ಬ್ಯಾಂಕಿನಲ್ಲಿಟ್ಟರೆ ಬಡ್ಡಿ ಬರುತ್ತದೆ, ಬೇಕಾದಾಗ ತೆಗೆಯಬಹುದು, ಬೇಕಾದ ಅಂಗಡಿಯಲ್ಲಿ ಕೊಳ್ಳಬಹುದು. ಮೂರು ಅನುಕೂಲಗಳನ್ನೂ ಬಿಟ್ಟುಕೊಟ್ಟು, ತಮ್ಮ ಹಣವನ್ನೇ ತಾವು ಚೀಟಿಯಾಗಿ ಪಡೆದು ಸಂತೋಷಪಡುವವರಿಗೆ ಏನು ಹೇಳೋಣ?" ಎಂದು ಅವರು ಕೇಳಿದರು. ತರ್ಕ ಸರಿಯಾಗಿಯೇ ಇತ್ತು. ಆದರೂ ನೆರೆಮನೆಯಾಕೆಯನ್ನು ದಡ್ಡಿಯೆಂದು ಎಣಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಹತ್ತೊಂಬತ್ತು ಪೌಂಡಿನಲ್ಲಿ ಐದು ಜನರಿಗೆ ಎಷ್ಟು ದಿನ ಅಡುಗೆ ನಡೆಸಬಹುದೆಂದು ಬಲ್ಲವಳಿಗೆ ಕೂಡಿಸಿ ಕಳೆಯಲು ಬಾರದೆನ್ನುವುದು ಹೇಗೆ?

ಆದುದರಿಂದ ಅಳಿಯನ ಆಯುಧದಿಂದಲೇ ಅವರನ್ನು ಎದುರಿಸೋಣವೆಂದು ಲೆಕ್ಕಕ್ಕೆ ಕುಳಿತೆ. ವಾರಕ್ಕೆ 5 ಪೌಂಡಿನಂತೆ 45 ವಾರಗಳಿಗೆ 225 ಪೌಂಡು. ಇದನ್ನು ಶೇಕಡ 4ರ ಬಡ್ಡಿಗೆ ಬ್ಯಾಂಕಿನಲ್ಲಿ ಕಟ್ಟುತ್ತ ಬಂದರೆ, ಹಣ ಒಂದೇ ಸಲ ಸೇರದೆ ಸ್ವಲ್ಪಸ್ವಲ್ಪವಾಗಿ ಕೂಡುವುದರಿಂದ, ಬರುವ ಬಡ್ಡಿ ನಾಲ್ಕು ಪೌಂಡಿಗೂ ತುಸು ಕಡಮೆ. ಕ್ಲಬ್ಬಿನಿಂದ ಆಕೆಗಾಗುವ ನಷ್ಟ ಇಷ್ಟು. ಇನ್ನು ಉಳಿತಾಯವಿಲ್ಲದೆ ಡಿಸೆಂಬರಿಗೆ ಬಂದು, ಅದೇ 225 ಪೌಂಡನ್ನು ಅಲ್ಪಾವಧಿಯ ಸಾಲದವರಲ್ಲಿ ತಂದಳೆನ್ನಿ. ಆ ದೇಶದ ಹಣಕಾಸಿನ ಮೇಲ್ವಿಚಾರಣೆಯವರು 2015ರ ಜನವರಿಯಿಂದ ಇಂಥ ಸಾಲಗಳಿಗೆ ದಿನಕ್ಕೆ ಶೇಕಡ 0.8ಕ್ಕಿಂತ ಹೆಚ್ಚು ಬಡ್ಡಿ ಶುಲ್ಕಗಳನ್ನು ಹಾಕಕೂಡದೆಂದು ಮಿತಿ ಕಟ್ಟಿದ್ದಾರೆ. ಆ ಮಿತಿಯೊಳಗೇ ಆದರೂ ಮೂವತ್ತು ದಿನಗಳಿಗೆ ತೆರಬೇಕಾದ ಹಣ 54 ಪೌಂಡು! ನಾಲ್ಕು ಪೌಂಡನ್ನು ಬಿಟ್ಟು ಐವತ್ತನಾಲ್ಕನ್ನು ಉಳಿಸಿಕೊಳ್ಳುವವಳು ಲೆಕ್ಕ ಬಾರದವಳಲ್ಲ.

ಹಾಗಾದರೆ ಆ ಐದು ಪೌಂಡನ್ನು ಬ್ಯಾಂಕಿನಲ್ಲಿಯೇ ಏಕೆ ಇಡಬಾರದು? ನಾನು ಆಕೆಯನ್ನೇ ಕೇಳಿದೆ. ಆಕೆ ಹೇಳಿದುದರ ತಾತ್ಪರ್ಯ ಇದು: ಬ್ಯಾಂಕಿನಲ್ಲಿರುವ ಹಣಕ್ಕೆ ಮನೆಯಲ್ಲಿ ನೂರು ಮಂದಿ ಒಡೆಯರು. ಮಗನ ಬೂಟು ಹರಿದರೆ ಅದು ಬೂಟಿನ ಹಣ; ವಿದ್ಯುತ್ತಿನ ಬಿಲ್ಲು ಬಂದರೆ ಅದು ಬಿಲ್ಲಿನ ಹಣ; ಗಂಡನ ಕಾರು ಕೆಟ್ಟರೆ ಅದು ಕಾರಿನ ಹಣ. ಯಾವ ಖರ್ಚೂ ಅನ್ಯಾಯದ್ದಲ್ಲ. ಆದರೆ ಎಲ್ಲ ನ್ಯಾಯವೂ ಸಂದಮೇಲೆ ಹಬ್ಬಕ್ಕೆ ಏನೂ ಉಳಿಯುವುದಿಲ್ಲ. "ನನ್ನ ಕೈಗೆ ಸಿಕ್ಕದ ಹಣವೊಂದೇ ನನ್ನ ಹಣ" ಎಂದಳು ಆಕೆ.

ಈ ಮಾತಿನಲ್ಲಿ ಅರ್ಥಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆಯೆಂದು ನನಗೆ ತೋರಿತು. ಕ್ಲಬ್ಬು ಮಾರುವುದು ಬಡ್ಡಿಯನ್ನಲ್ಲ, ಬೀಗವನ್ನು. ತೆಗೆಯಲಾಗದಿರುವುದು, ಬೇರೆಡೆ ಸಲ್ಲದಿರುವುದು ಎಂದು ಅಳಿಯ ಎತ್ತಿ ತೋರಿಸಿದ ದೋಷಗಳೇ ಕೊಳ್ಳುವವಳ ದೃಷ್ಟಿಯಲ್ಲಿ ಅದರ ಗುಣಗಳು. ಉಳ್ಳವನ ಸಂಬಳದಲ್ಲಿ ಮಿಕ್ಕದ್ದು ತಾನೇ ಮಿಕ್ಕಿರುತ್ತದೆ. ಅವನಿಗೆ ಬೀಗ ಬೇಕಾಗಿಲ್ಲ. ಬೀಗ ಬೇಕಾದುದು ಮಿಗದವರ ಮನೆಯಲ್ಲಿ. ಅವರ ಬೀಗವನ್ನು ಕಂಡು ಉಳ್ಳವರು ನಗುವುದು ಉಚಿತವಲ್ಲ.

ಈ ಬೀಗ ಇಂದಿನದಲ್ಲ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನ ಪಾನಗೃಹಗಳಲ್ಲಿ ಬಾತಿನ ಕ್ಲಬ್ಬುಗಳಿದ್ದುವು. ಕೂಲಿಯವರು ವಾರಕ್ಕೆ ಕೆಲವು ಪೆನ್ನಿಗಳನ್ನು ಪಾನಗೃಹದ ಯಜಮಾನನ ಕೈಗೆ ಕೊಡುತ್ತ ಬಂದರೆ ಹಬ್ಬದ ಹೊತ್ತಿಗೆ ಒಂದು ದೊಡ್ಡ ಬಾತುಕೋಳಿ ಮನೆಗೆ ಬರುತ್ತಿತ್ತು. 1892ರಲ್ಲಿ ಪ್ರಕಟವಾದ, ಷೆರ್ಲಾಕ್ ಹೋಮ್ಸನ ಸಾಹಸಗಳಲ್ಲೊಂದಾದ ನೀಲಿ ರತ್ನದ ಕಥೆಯನ್ನು ಓದಿದವರಿಗೆ ಇಂಥ ಕ್ಲಬ್ಬಿನ ನೆನಪಿರಬಹುದು. ರತ್ನವನ್ನು ನುಂಗಿದ ಬಾತು ಅಲ್ಲಿಂದಲೇ ಬಂದದ್ದು. ಅಮೆರಿಕದ ಪೆನ್ಸಿಲ್ವೇನಿಯ ಸೀಮೆಯ ಕಾರ್ಲೈಲ್ ಊರಿನ ಬ್ಯಾಂಕೊಂದು 1909ರಲ್ಲಿ ಕ್ರಿಸ್‌ಮಸ್ ಕ್ಲಬ್ಬನ್ನು ತಾನೇ ತೆರೆಯಿತು. ಅನಂತರ ಆ ದೇಶದ ಬ್ಯಾಂಕುಗಳಲ್ಲಿ ಆ ಪದ್ಧತಿ ಹಬ್ಬಿತು. ಒಂದು ಕಡೆ ಹಣ ಸೇರಿದ್ದು ವ್ಯಾಪಾರಿಯ ಗಲ್ಲಾಪೆಟ್ಟಿಗೆಗೆ. ಇನ್ನೊಂದು ಕಡೆ ಬ್ಯಾಂಕಿಗೆ. ಬೀಗ ಎರಡು ಕಡೆಯೂ ಒಂದೇ, ಪೆಟ್ಟಿಗೆ ಬೇರೆ. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಬೇಡುತ್ತೇನೆ.

ಏಕೆಂದರೆ ಈ ಭೇದದ ಬೆಲೆಯನ್ನು ಬ್ರಿಟನ್ನು ಒಂದು ವರ್ಷ ಕಣ್ಣೀರಿನಲ್ಲಿ ತೆತ್ತಿತು. 2006ರ ಅಕ್ಟೋಬರ್ 13ರಂದು, ಹಬ್ಬಕ್ಕೆ ಹತ್ತು ವಾರ ಉಳಿದಿರುವಾಗ, ಸ್ವಿಂಡನ್ ಊರಿನ ಫೇರ್‌ಪ್ಯಾಕ್ ಎಂಬ ಕ್ಲಬ್ಬು ಮುಳುಗಿತು. ಒಂದು ಲಕ್ಷಕ್ಕೂ ಮೀರಿದ ಜನ ವರ್ಷವೆಲ್ಲ ಕಟ್ಟಿದ್ದ, ಮೂರೂವರೆ ಕೋಟಿ ಪೌಂಡಿಗೂ ಹೆಚ್ಚಾದ ಹಣ ಅದರೊಡನೆ ಹೋಯಿತು. ಆ ಹಣವನ್ನು ಬೇರೆಯಾಗಿ ಇಟ್ಟಿರಲಿಲ್ಲ. ಕ್ಲಬ್ಬಿನ ಮಾತೃಸಂಸ್ಥೆಯ ವ್ಯವಹಾರದಲ್ಲಿ ಅದು ಬೆರೆತುಹೋಗಿತ್ತು. ಆ ಮಾತೃಸಂಸ್ಥೆ ಬ್ಯಾಂಕಿನ ಸಾಲದಲ್ಲಿತ್ತು. ಬ್ಯಾಂಕಿನಲ್ಲಿ ಠೇವಣಿ ಇಟ್ಟವರಿಗೆ ಒಂದು ಮಿತಿಯವರೆಗೆ ದೊರೆಯುವ ರಕ್ಷಣೆ ಇವರಿಗೆ ದೊರೆಯಲಿಲ್ಲ, ಇವರು ಠೇವಣಿದಾರರಲ್ಲವಾದುದರಿಂದ. ನ್ಯಾಯದ ಕಣ್ಣಿಗೆ ಇವರು ಅಡಮಾನವಿಲ್ಲದೆ ಸಾಲಕೊಟ್ಟವರು. ಸಾಲಿನ ಕೊನೆಯಲ್ಲಿ ನಿಲ್ಲತಕ್ಕವರು. ದಾನಿಗಳ ನಿಧಿಯೊಂದು ಆ ಹಬ್ಬಕ್ಕೆ ಅಲ್ಪಸ್ವಲ್ಪ ಕೊಟ್ಟಿತು. 2012ರಲ್ಲಿ, ನಿರ್ದೇಶಕರ ಮೇಲೆ ಹೂಡಿದ್ದ ಮೊಕದ್ದಮೆ ಮುರಿದುಬಿದ್ದಾಗ, ನ್ಯಾಯಾಧೀಶರು ಸಾಲಕೊಟ್ಟ ಬ್ಯಾಂಕಿನ ನಡತೆಯನ್ನು ಬಹಿರಂಗವಾಗಿ ಟೀಕಿಸಿದರು. ಆ ಬ್ಯಾಂಕನ್ನು ಅಷ್ಟರಲ್ಲಿ ವಶಕ್ಕೆ ಪಡೆದಿದ್ದ ಲಾಯ್ಡ್ಸ್ ಸಮೂಹವು 80 ಲಕ್ಷ ಪೌಂಡು ಕೊಡಲು ಒಪ್ಪಿತು. ಅಂತೂ ಹಣ ಪೂರ್ತಿಯಾಗಿ ಹಿಂದಿರುಗಲಿಲ್ಲ. ಬಂದ ಭಾಗವೂ ಬಂದದ್ದು ಎಷ್ಟೋ ಹಬ್ಬಗಳು ಕಳೆದಮೇಲೆ.

ಹಣಕ್ಕಿಂತ ಹಿರಿದಾದ ನಷ್ಟ ಇನ್ನೊಂದು. ಈ ಕ್ಲಬ್ಬಿನ ವಸೂಲಿಗಾರರು ಹೊರಗಿನವರಲ್ಲ. ಬೀದಿಯ ಪರಿಚಯದ ಹೆಂಗಸರೇ. ಅಕ್ಕ ತಂಗಿಯರಿಂದ, ನೆರೆಹೊರೆಯವರಿಂದ ಅವರು ಹಣ ತೆಗೆದುಕೊಂಡಿದ್ದರು. ಸಂಸ್ಥೆಯ ಮುಖವನ್ನು ಯಾರೂ ಕಂಡವರಲ್ಲ. ಎಲ್ಲರೂ ಕಂಡದ್ದು ಇವರ ಮುಖವನ್ನು. ತಾವು ಒಂದು ಕಾಸನ್ನೂ ತಿನ್ನದೆ ಇವರು ನಂಟರ ಮುಂದೆ ತಲೆ ತಗ್ಗಿಸಬೇಕಾಯಿತು. ಬಡವರು ಒಬ್ಬರನ್ನೊಬ್ಬರು ನಂಬುವುದೇ ಅವರ ದೊಡ್ಡ ಬಂಡವಾಳ. ವ್ಯಾಪಾರಿ ಆ ಬಂಡವಾಳವನ್ನೂ ಒತ್ತೆಯಿಟ್ಟಂತಾಯಿತು.

ಇದನ್ನೆಲ್ಲ ತಿಳಿದಮೇಲೆ ನೆರೆಮನೆಯಾಕೆಯ ವಿಷಯದಲ್ಲಿ ನನಗೆ ಭಯ ಹುಟ್ಟಿತು. ಆಕೆಯೂ ಮೂವರ ಹಣ ಹೊತ್ತವಳಲ್ಲವೆ? ಆಕೆಯ ಮನೆಗೆ ಹೋಗಿ, ಕಟ್ಟಿದ ಹಣ ನವೆಂಬರಿನವರೆಗೆ ಯಾರ ವಶದಲ್ಲಿರುತ್ತದೆಂದು ಕೇಳಿದೆ. ಆಕೆ ನಕ್ಕು, ಬೀರುವಿನಿಂದ ಒಂದು ಕಾಗದ ತಂದು ತೋರಿಸಿದಳು. ಸದಸ್ಯರ ಹಣವನ್ನು ಸಂಸ್ಥೆಯ ಹಣದೊಡನೆ ಬೆರೆಸದೆ, ಸ್ವತಂತ್ರರಾದ ಧರ್ಮದರ್ಶಿಗಳ ವಶದಲ್ಲಿ ಪ್ರತ್ಯೇಕವಾಗಿ ಇಡುವುದೆಂದು ಅದರಲ್ಲಿ ಅಚ್ಚಾಗಿತ್ತು. 2006ರ ಕಥೆಯನ್ನು ತಮ್ಮ ಬೀದಿಯಲ್ಲಿ ಮರೆತವರಿಲ್ಲವೆಂದೂ, ಆ ಸಾಲನ್ನು ಓದದೆ ತಾನು ತಂಗಿಯಿಂದ ಒಂದು ಪೆನ್ನಿಯನ್ನೂ ಮುಟ್ಟಲಿಲ್ಲವೆಂದೂ ಆಕೆ ಹೇಳಿದಳು. ನಾನು ಸಮಾಧಾನಗೊಂಡು ಹಿಂದಿರುಗಿದೆ.

ಆ ಸಾಲು ತಾನಾಗಿ ಹುಟ್ಟಲಿಲ್ಲ. ದುರಂತದ ಮರುವರ್ಷ, 2007ರಲ್ಲಿ, ಉಳಿದ ದೊಡ್ಡ ಕ್ಲಬ್ಬುಗಳು ಒಂದು ಸಂಘವನ್ನು ಕಟ್ಟಿಕೊಂಡು, ಹಣವನ್ನು ನಿಕ್ಷೇಪವಾಗಿ ಬೇರೆಯಿಡುವ ಕಟ್ಟಳೆಯನ್ನು ತಾವೇ ಹಾಕಿಕೊಂಡುವು. ಆದರೆ ಒಪ್ಪಿದವರಿಗೆ ಮಾತ್ರ ಸಲ್ಲುವ ಕಟ್ಟಳೆ ಒಪ್ಪದವನನ್ನು ಹಿಡಿಯಲಾರದು. ಇಂಥ ಉಳಿತಾಯವನ್ನು ವಿಮೆಯಿಂದಲಾದರೂ ನಿಕ್ಷೇಪದಿಂದಲಾದರೂ ಕಾಪಾಡಲೇಬೇಕೆಂಬ ವಿಧಿಗಳನ್ನು ಪಾರ್ಲಿಮೆಂಟು ಶಾಸನದಲ್ಲಿ ಸೇರಿಸಿದ್ದು 2024ರಲ್ಲಿ, ಹದಿನೆಂಟು ವರ್ಷಗಳಮೇಲೆ.

ನಮ್ಮ ನಾಡಿಗೂ ಈ ವಿಚಾರ ಹೊಸದಲ್ಲ. ನನ್ನ ಮನೆಯವರು ಅನೇಕ ವರ್ಷ ದೀಪಾವಳಿಯ ಚೀಟಿ ಹಾಕುತ್ತಿದ್ದರು. ವಾರವಾರ ಕಟ್ಟಿದ ಹಣಕ್ಕೆ ಹಬ್ಬದ ಮುನ್ನ ಎಣ್ಣೆ, ಬೆಲ್ಲ, ಬೇಳೆ, ಮಕ್ಕಳಿಗೆ ಪಟಾಕಿ, ಮೇಲೆ ಒಂದು ಪಾತ್ರೆ ಬರುತ್ತಿತ್ತು. ಚೀಟಿ ನಡೆಸುತ್ತಿದ್ದಾಕೆ ಪ್ರಾಮಾಣಿಕಳು. ಆದರೆ ನಮಗಿದ್ದ ಭದ್ರತೆಯೆಲ್ಲ ಆಕೆಯ ಪ್ರಾಮಾಣಿಕತೆಯೊಂದೇ. ಕ್ರಮವಾಗಿ ನಡೆಯುವ ಚೀಟಿಗಳಿಗೆ 1982ರ ಕಾಯಿದೆಯ ಅಂಕೆಯಿದೆ. ಬೀದಿಯ ಹಬ್ಬದ ಚೀಟಿಗಳು ಬಹುಮಟ್ಟಿಗೆ ನಂಬಿಕೆಯ ಮೇಲೆಯೇ ನಡೆಯುತ್ತವೆ. ಚಿನ್ನದಂಗಡಿಗಳ ಹನ್ನೊಂದು ಕಂತಿನ ಯೋಜನೆಗಳನ್ನೂ ವಾಚಕರು ಬಲ್ಲರು. ಸರಕಿಗೆಂದು ಪಡೆದ ಮುಂಗಡಕ್ಕೆ 365 ದಿನಗಳೊಳಗೆ ಸರಕು ಸಲ್ಲದಿದ್ದರೆ ಅದು ಠೇವಣಿಯೆನಿಸುವುದೆಂದು 2014ರ ನಿಯಮ ಹೇಳುತ್ತದೆ. ಆ ಯೋಜನೆಗಳು ವರ್ಷದೊಳಗೆ ಮುಗಿಯುವುದರ ಗುಟ್ಟು ಅದೇ. ಅಲ್ಲಿಯೂ ಕೇಳಬೇಕಾದ ಪ್ರಶ್ನೆ ಒಂದೇ: ಸರಕು ಕೈಸೇರುವವರೆಗೆ ನನ್ನ ಹಣ ಯಾರ ಪೆಟ್ಟಿಗೆಯಲ್ಲಿದೆ?

ಇಷ್ಟನ್ನು ವಿಚಾರಿಸಿದಮೇಲೆ ನನ್ನ ಅಭಿಪ್ರಾಯ ಹೀಗೆ ನೆಲೆಗೊಂಡಿದೆ. ಕೈಯಲ್ಲಿ ಹಣ ನಿಲ್ಲಿಸಿಕೊಳ್ಳಬಲ್ಲವರಿಗೆ ಬ್ಯಾಂಕೇ ಲೇಸು. ಬೀಗ ಬೇಕೆನ್ನುವವರು ಮೊದಲು ಸಹಕಾರೀ ಪತ್ತಿನ ಸಂಘವನ್ನು ನೋಡಬೇಕು. ಬ್ರಿಟನ್ನಿನ ಅನೇಕ ಪತ್ತಿನ ಸಂಘಗಳು ಹಬ್ಬದ ಹತ್ತಿರ ಮಾತ್ರ ತೆರೆಯುವ ಲೆಕ್ಕಗಳನ್ನು ಇಟ್ಟಿವೆ. ಅಲ್ಲಿ ಬೀಗವೂ ಉಂಟು, ಬ್ಯಾಂಕಿನ ಠೇವಣಿಗಿರುವ ರಕ್ಷಣೆಯೂ ಉಂಟು, ಕೊನೆಗೆ ಕೈಗೆ ಬರುವುದು ಎಲ್ಲಿಯೂ ಸಲ್ಲುವ ಹಣ. ಅದು ದೊರೆಯದಲ್ಲಿ, ಹಣವನ್ನು ಪ್ರತ್ಯೇಕವಾಗಿ ನಿಕ್ಷೇಪದಲ್ಲಿಡುವ ಕ್ಲಬ್ಬು ವಿವೇಕಕ್ಕೆ ವಿರುದ್ಧವಲ್ಲ. ಆದರೆ ಚೀಟಿ ಸಲ್ಲುವ ಅಂಗಡಿ ತಾನು ನಿತ್ಯ ಕೊಳ್ಳುವ ಅಂಗಡಿಯಾಗಿರಬೇಕು, ಕಂತು ಮನೆಯ ಶಕ್ತಿಯನ್ನು ನೋಡಿ ಗೊತ್ತಾಗಬೇಕೇ ಹೊರತು ಬಣ್ಣದ ಪಟ್ಟಿಯನ್ನು ನೋಡಿ ಅಲ್ಲ. ನಿಕ್ಷೇಪದ ಮಾತನ್ನೇ ಎತ್ತದ ಕ್ಲಬ್ಬಿಗೆ, ಅದು ಎಂಥ ಉಡುಗೊರೆಯ ಆಸೆ ತೋರಿಸಿದರೂ, ಒಂದು ಕಾಸನ್ನೂ ಕೊಡಲಾಗದು.

ಅಳಿಯನಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೀಗದ ಮಾತು ಒಪ್ಪಿದೆ, ಮಾವ, ಆದರೆ ಬೀಗದ ಕೈಯನ್ನು ಅಂಗಡಿಯವನಿಗೆ ಕೊಡುವವರನ್ನು ನೋಡಿ ನಗುವುದನ್ನು ಮಾತ್ರ ಬಿಡಲಾರೆ" ಎಂದರು. ನಗುವುದಕ್ಕಿಂತ ಆ ಬೀಗದ ಕೈ ಯಾರಲ್ಲಿರಬೇಕೆಂದು ಕಲಿತವರು ತಮ್ಮ ನೆರೆಯವರಿಗೆ ತಿಳಿಸಿಕೊಟ್ಟರೆ ಹೆಚ್ಚು ಪ್ರಯೋಜನವೆಂದು ನನಗೆ ತೋರುತ್ತದೆ.