ಮಾತು ಕೊಡುವ ಮುನ್ನ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆಗಳಿಂದ ನಸುಕಿನ ಬಸ್ಸಿನಲ್ಲಿ ಮೈಸೂರಿಗೆ ಹೊರಡುವ ಕಾಲೇಜು ವಿದ್ಯಾರ್ಥಿಗಳ ದಿನಚರಿ ವಿಚಾರಾರ್ಹವಾದುದು. ಹುಣಸೂರಿನಿಂದಲೇ ಸುಮಾರು 45 ಕಿಲೋಮೀಟರು. 2023ರ ಜೂನ್ 11ರಂದು ಆರಂಭವಾದ ‘ಶಕ್ತಿ’ ಯೋಜನೆಯಿಂದ ವಿದ್ಯಾರ್ಥಿನಿಯರಿಗೆ ಹಣ ಉಳಿಯಿತು, ಹೊತ್ತು ಉಳಿಯಲಿಲ್ಲ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಇಂಟರ್ನ್‌ಷಿಪ್, ಸಂಜೆ ಮನೆಪಾಠ. ಹೊಗೆಸೊಪ್ಪು ಬೆಳೆಯುವ ಮನೆಯಾದರೆ, ಸೊಪ್ಪು ಹದಗೊಳಿಸುವ ದಿನಗಳಲ್ಲಿ ಬ್ಯಾರನ್ನಿನ ಬೆಂಕಿಗೆ ಇರುಳೂ ಕಾವಲು ಬೇಕು.

ಇಂಥವರನ್ನು ಸೋಮಾರಿಗಳೆನ್ನುವುದು ಅನ್ಯಾಯ. ಅವರ ಸಂಕಟ ಬೇರೆ: ಎಲ್ಲರಿಗೂ ‘ಆಗಲಿ’ ಎಂದುಬಿಡುವುದು. ಅಧ್ಯಾಪಕರಿಗೆ, ಕಚೇರಿಗೆ, ಗೆಳೆಯರಿಗೆ, ತಾಯಿಗೆ ಒಂದೇ ಸಂಜೆಯನ್ನು ಒಪ್ಪಿಕೊಂಡವನ ಮಾತು ಮೂವರ ಪಾಲಿಗೆ ಸುಳ್ಳಾಗುತ್ತದೆ. ಬೇಕೆಂದು ಆಡಿದ ಸುಳ್ಳಲ್ಲವಾದರೂ ಕಾದವರ ನೋವು ಕಡಿಮೆಯಾಗದು.

ಪರಿಗ್ರಹವು ಹೊನ್ನು ಹೊಲಗಳದು ಮಾತ್ರವಲ್ಲ. ಹೊರಲಾರದಷ್ಟು ಹೊಣೆಗಳನ್ನು ಕೂಡಿಹಾಕುವುದೂ ಪರಿಗ್ರಹವೇ. ಹಿರಿಯರ ಎಣಿಕೆಯಲ್ಲಿ ಮುಹೂರ್ತವೆಂದರೆ 48 ನಿಮಿಷ. ದಿನವೊಂದಕ್ಕೆ ಅಂಥವು 30 ಮಾತ್ರ. ಪಯಣ, ಪಾಠ, ನಿದ್ರೆಗಳನ್ನು ಕಳೆದು ಉಳಿದಷ್ಟರಲ್ಲಿ ಮಾತು ಕೊಡುವುದು ಸತ್ಯವ್ರತದ ಭಾಗವೇ ಸರಿ. ‘ಆಗದು’ ಎಂದು ಮೊದಲೇ ವಿನಯದಿಂದ ಹೇಳುವುದನ್ನು ಮಕ್ಕಳು ಕಲಿಯಬೇಕು. ಅದನ್ನು ಸಿಟ್ಟಿಲ್ಲದೆ ಕೇಳುವುದನ್ನು ಹಿರಿಯರು ಕಲಿಯಬೇಕು.