ಕೊಬಾಯಾಶಿ ಮೇಷ್ಟ್ರು ನಡೆದ ದಾರಿ



ನಿಮ್ಮ ಪತ್ರ ಓದಿ ಖುಷಿಯಾಯಿತು, ಜೊತೆಗೆ ಸಣ್ಣ ದಿಗಿಲೂ ಆಯಿತು. ಈಗಿನ ಕೆಲಸ ಬಿಟ್ಟು ಊರಲ್ಲೇ ಒಂದು ಶಾಲೆ ತೆರೆಯಬೇಕು, ಅದು ತೊತ್ತೋಚಾನ್ ಓದಿದ ಶಾಲೆಯ ಹಾಗೇ ಇರಬೇಕು ಎಂದು ಬರೆದಿದ್ದೀರಿ. ಅಲ್ಲಿಯಂತೆ ತರಗತಿ ನಡೆಸಲು ಹಳೆಯ ರೈಲು ಬೋಗಿ ಎಲ್ಲಿ ಸಿಗುತ್ತದೆ ಎಂದೂ ಕೇಳಿದ್ದೀರಿ. ಬೋಗಿಯ ವಿಚಾರ ರೈಲ್ವೆಯವರನ್ನೇ ಕೇಳಬೇಕು. ನಾನು ಬೋಗಿ ತಂದಿಟ್ಟ ಮನುಷ್ಯನ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ.

ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಆ ಶಾಲೆಯ ಬಗ್ಗೆ ಬರೆದ ‘ತೊತ್ತೋಚಾನ್’ ಪುಸ್ತಕ ಜಪಾನಿನಲ್ಲಿ ಬಂದದ್ದು 1981ರಲ್ಲಿ. ಕನ್ನಡಕ್ಕೂ ಬಂತು, ನಮ್ಮ ಎಷ್ಟೋ ಶಿಕ್ಷಕರು ಓದಿ ಕಣ್ಣೊರೆಸಿಕೊಂಡರು. ಓದಿದವರಿಗೆ ನೆನಪಿರುವುದು ಬೋಗಿಯ ತರಗತಿ, ಊಟದ ಡಬ್ಬಿ, ಮರ ಹತ್ತಿದ ಪೋಲಿಯೊ ಹುಡುಗ. ಹೆಡ್‌ಮಾಸ್ಟರ್ ಸೊಸಾಕು ಕೊಬಾಯಾಶಿ ಆ ಶಾಲೆಯವರೆಗೆ ಹೇಗೆ ಬಂದರೆಂಬುದನ್ನು ಲೇಖಕಿ ಕೊನೆಯ ಟಿಪ್ಪಣಿಯಲ್ಲಿ ಹೇಳಿದ್ದಾರೆ. ಕಥೆ ಮುಗಿಯಿತೆಂದು ಬಹಳ ಜನ ಅದಕ್ಕೂ ಮುಂಚೆಯೇ ಪುಸ್ತಕ ಮಡಚಿಡುತ್ತಾರೆ. ಶಾಲೆ ಕಟ್ಟಬೇಕೆನ್ನುವವರು ಓದಬೇಕಾದದ್ದು ಅದನ್ನೇ.

ಕೊಬಾಯಾಶಿ 1893ರಲ್ಲಿ ಹುಟ್ಟಿದ್ದು ಟೋಕಿಯೊದ ವಾಯವ್ಯಕ್ಕಿರುವ ಹಳ್ಳಿಗಾಡಿನಲ್ಲಿ, ಬಡ ರೈತನ ಆರು ಮಕ್ಕಳಲ್ಲಿ ಕೊನೆಯವರಾಗಿ. ಮನೆ ಹತ್ತಿರದ ಹೊಳೆಯ ದಡದಲ್ಲಿ ನಿಂತು, ಹರಿಯುವ ನೀರೇ ವಾದ್ಯಮೇಳವೆಂದುಕೊಂಡು ಕೈಯಾಡಿಸುತ್ತಿದ್ದ ಹುಡುಗ. ಪ್ರಾಥಮಿಕ ಶಾಲೆ ಮುಗಿದ ಮೇಲೆ ಸಹಾಯಕ ಶಿಕ್ಷಕ. ಆಮೇಲೆ ಟೋಕಿಯೊದಲ್ಲಿ ಮೇಷ್ಟ್ರ ಕೆಲಸ, ಅದರ ಜೊತೆಗೇ ಸಂಗೀತದ ಓದು. ಓದು ಮುಗಿಸಿ ಹರುಜಿ ನಕಮುರಾ ಸ್ಥಾಪಿಸಿದ್ದ ಸೇಕೆಯಿ ಶಾಲೆಗೆ ಸಂಗೀತದ ಮೇಷ್ಟ್ರಾಗಿ ಸೇರಿದರು. ಅಲ್ಲಿ ಬೆಳಿಗ್ಗೆ ಪಾಠ. ಮಧ್ಯಾಹ್ನ ಸುತ್ತಾಟ, ಗಿಡಗಳನ್ನು ಕೂಡಿಸುವುದು, ಚಿತ್ರ ಬರೆಯುವುದು, ಹಾಡುವುದು. ಮುಂದೆ ತೊತ್ತೋಚಾನ್ ಓದಿದ ತೊಮೊಯೆ ಶಾಲೆಯ ಮಕ್ಕಳೂ ಪಾಠ ಮುಗಿಸಿ ಮಧ್ಯಾಹ್ನ ತಿರುಗಾಡಲು ಹೊರಟರಲ್ಲ, ಅದರ ಬೇರು ಇಲ್ಲಿದೆ. ನಾವು ಕೊಬಾಯಾಶಿಯವರದೆಂದು ಕೊಂಡಾಡುವ ವಿಷಯವನ್ನು ಅವರು ಇನ್ನೊಬ್ಬರ ಶಾಲೆಯಲ್ಲಿ ಸಂಬಳಕ್ಕೆ ದುಡಿಯುತ್ತಾ ಕಲಿತಿದ್ದರು.

ದುಡ್ಡಿನ ಮಾತೂ ಇರಲಿ. ಅವರು ಮಕ್ಕಳಿಗಾಗಿ ಬರೆದ ಗೀತನಾಟಕವನ್ನು ನೋಡಿ ಮಿತ್ಸುಬಿಷಿ ಮನೆತನದ ಇವಾಸಾಕಿ ಎಂಬ ಶ್ರೀಮಂತರು ಯೂರೋಪಿಗೆ ಹೋಗಿ ಓದಿ ಬರಲು ನೆರವಾದರು. ಆದರ್ಶದ ಕಥೆ ಹೇಳುವಾಗ ಇಂಥ ಸಂಗತಿಗಳನ್ನು ಬಿಟ್ಟುಬಿಡುತ್ತೇವೆ. ಬಿಡಬಾರದು.

1920ರ ದಶಕದಲ್ಲಿ ಎರಡು ವರ್ಷ ಯೂರೋಪಿನ ಶಾಲೆಗಳನ್ನು ನೋಡಿದರು. ಪ್ಯಾರಿಸ್ಸಿನಲ್ಲಿ ಸ್ವಿಸ್ ಸಂಗೀತಗಾರ ಡಾಲ್‌ಕ್ರೋಜ್ ಅವರ ಯೂರಿದ್ಮಿಕ್ಸ್ ಎಂಬ ಲಯಶಿಕ್ಷಣ ಕಲಿತರು. ತೊಮೊಯೆಯಲ್ಲಿ ಅದು ನಡೆಯುತ್ತಿದ್ದ ಬಗೆ ಹೀಗೆ: ಹೆಡ್‌ಮಾಸ್ಟರ್ ಪಿಯಾನೊ ನುಡಿಸುತ್ತಾರೆ, ಮಕ್ಕಳು ಸಭಾಂಗಣದಲ್ಲಿ ಲಯ ಹಿಡಿದು ನಡೆಯುತ್ತಾರೆ, ಎರಡೂ ಕೈ ಎತ್ತಿ ಇಳಿಸಿ ತಾಳ ತೋರಿಸುತ್ತಾರೆ. ನುಡಿಸುತ್ತಾ ನುಡಿಸುತ್ತಾ ಅವರು ಥಟ್ಟನೆ ತಾಳ ಬದಲಿಸುತ್ತಾರೆ, ಆಗ ಮಕ್ಕಳ ಕೈಕಾಲೂ ಬದಲಾಗಬೇಕು. ನಮ್ಮ ಸಂಗೀತದ ಮೇಷ್ಟ್ರು ತೊಡೆ ತಟ್ಟಿಸಿ ತಾಳ ಕಲಿಸುವುದನ್ನು ಬಲ್ಲವರಿಗೆ ಇದು ತೀರಾ ಹೊಸದೆನಿಸಲಾರದು. ಅಕ್ಷರಕ್ಕೇ ಜೋತುಬಿದ್ದ ಶಿಕ್ಷಣ ಮಕ್ಕಳ ಇಂದ್ರಿಯಗಳನ್ನು ಮೊಂಡಾಗಿಸುತ್ತದೆ ಎಂಬುದು ಕೊಬಾಯಾಶಿಯವರ ತಕರಾರು.

ವಾಪಸು ಬಂದು ಇನ್ನೊಬ್ಬರ ಜೊತೆ ಸೇರಿ ಸೆಯಿಜೊ ಶಿಶುವಿಹಾರ ಶುರುಮಾಡಿದರು. 1930ರ ಹೊತ್ತಿಗೆ ಮತ್ತೆ ಯೂರೋಪಿಗೆ ಹೋಗಿ ಬಂದರು. ತಮ್ಮದೇ ಆದ ತೊಮೊಯೆ ಗಾಕುಎನ್ ಅನ್ನು ಟೋಕಿಯೊದ ಜಿಯುಗಾವೊಕಾದಲ್ಲಿ ತೆರೆದದ್ದು 1937ರಲ್ಲಿ. ಆಗ ಅವರಿಗೆ ನಲವತ್ತು ದಾಟಿತ್ತು. ಸುಮಾರು ಐವತ್ತು ಮಕ್ಕಳ ಶಾಲೆ.

ಪುಸ್ತಕದ ಒಂದು ಪ್ರಸಂಗವನ್ನಂತೂ ನೀವು ಮತ್ತೊಮ್ಮೆ ಓದಬೇಕು. ತಕಾಹಾಶಿ ಎಂಬ ಹುಡುಗನ ಕೈಕಾಲು ಗಿಡ್ಡ, ಅವನು ಇನ್ನು ಬೆಳೆಯುವುದಿಲ್ಲ. ಮನುಷ್ಯನಿಗೆ ಹಿಂದೆ ಬಾಲವಿತ್ತೆಂಬ ಪಾಠದಲ್ಲಿ ಟೀಚರು ತಮಾಷೆಗೆ, ನಿನಗಿನ್ನೂ ಬಾಲ ಇದೆಯೇನೋ ಎಂದು ಅವನನ್ನು ಕೇಳಿಬಿಟ್ಟರು. ಹೆಡ್‌ಮಾಸ್ಟರಿಗೆ ಬಹಳ ಸಿಟ್ಟು ಬಂತು. ಆದರೆ ಅವರು ಆಕೆಯನ್ನು ಬೈದದ್ದು ಬೇರೆ ಶಿಕ್ಷಕರಿರುವ ಕೋಣೆಯಲ್ಲಲ್ಲ, ಅಡುಗೆಮನೆಯಲ್ಲಿ. ತೊತ್ತೋಚಾನ್ ಅಕಸ್ಮಾತ್ತಾಗಿ ಕೇಳಿಸಿಕೊಂಡಳು, ಅದರಿಂದ ನಮಗೆ ಗೊತ್ತಾಯಿತು. ಅವರು ನಾಲ್ಕು ಗಂಟೆ ಕೂತು ತೊತ್ತೋಚಾನಳ ಮಾತು ಕೇಳಿದ ಕಥೆಗಿಂತ ನನಗೆ ಇದೇ ದೊಡ್ಡದು. ಮಕ್ಕಳ ಮಾನ ಕಾಯುವ ಹೆಡ್‌ಮಾಸ್ಟರುಗಳು ಅಲ್ಲಲ್ಲಿ ಸಿಕ್ಕಾರು. ತಪ್ಪು ಮಾಡಿದ ಶಿಕ್ಷಕಿಯ ಮಾನವನ್ನೂ ಕಾಯುವವರು ಅಪರೂಪ. ಅದು ಬರುವುದು ಹತ್ತಾರು ವರ್ಷ ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡಿದವರಿಗೆ ಎಂದು ನನ್ನ ಅನಿಸಿಕೆ.

1945ರ ಬಾಂಬ್ ದಾಳಿಯಲ್ಲಿ ಶಾಲೆ ಸುಟ್ಟುಹೋಯಿತು. ಯುದ್ಧ ಮುಗಿದ ಮೇಲೆ ಅದೇ ಜಾಗದಲ್ಲಿ ಶಿಶುವಿಹಾರವೇನೋ ಎದ್ದಿತು, ಪ್ರಾಥಮಿಕ ಶಾಲೆಯನ್ನು ಮತ್ತೆ ತೆರೆಯಲು ಆಗಲಿಲ್ಲ. 1963ರಲ್ಲಿ ಅವರು ತೀರಿಕೊಂಡರು. ದಶಕಗಟ್ಟಲೆ ತಯಾರಿ, ನಡೆದದ್ದು ಎಂಟೇ ವರ್ಷ. ಆ ಎಂಟು ವರ್ಷ ಗಟ್ಟಿಯಾಗಿದ್ದದ್ದು ತಯಾರಿಯಿಂದ, ಬೋಗಿಯಿಂದಲ್ಲ.

ಆದ್ದರಿಂದ ರಾಜೀನಾಮೆ ಬರೆಯುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಮನಸ್ಸಿಗೆ ಒಪ್ಪುವ ಯಾವುದಾದರೂ ಶಾಲೆಯಲ್ಲಿ ಒಂದು ವರ್ಷ ಸಾಮಾನ್ಯ ಶಿಕ್ಷಕರಾಗಿ ದುಡಿಯಿರಿ. ಲೆಕ್ಕಪತ್ರ, ಪೋಷಕರ ಸಭೆ, ಬಿಸಿಯೂಟ ಎಲ್ಲವನ್ನೂ ಹತ್ತಿರದಿಂದ ನೋಡಿ. ಆಮೇಲೂ ಶಾಲೆ ಕಟ್ಟಬೇಕು ಅನ್ನಿಸಿದರೆ ಬರೆಯಿರಿ, ಕೈಲಾದ ಸಹಾಯ ಮಾಡುತ್ತೇನೆ.

ಇಂತಿ,
ನಿಮ್ಮ ವಿಶ್ವಾಸಿ