ಕಲ್ಕುಡನ ಕೈ

ಕಾರ್ಕಳದ ಗುಡ್ಡದ ಮೇಲಿನ 42 ಅಡಿಯ ಗೊಮ್ಮಟನ ಮುಂದೆ ಜನ ಫೋಟೊ ತೆಗೆಸಿಕೊಳ್ಳುತ್ತಾರೆ, ಎತ್ತರ ವಿಚಾರಿಸುತ್ತಾರೆ, ಮೆಟ್ಟಿಲಿಳಿಯುತ್ತಾರೆ. ಕೆತ್ತಿದವನನ್ನು ಕೇಳುವವರಿಲ್ಲ; ಅದು ನೋಯಿಸುತ್ತದೆ. ಕಾಲುಗಳಿಂದ ತೋಳುಗಳಿಗೆ ಹಬ್ಬಿದ ಬಳ್ಳಿಯನ್ನು ಹತ್ತಿರ ನಿಂತು ನೋಡಿದರೆ, ಒಂದು ಉಳಿಯ ಏಟು ತಪ್ಪಿದ್ದರೂ ಕೆಲಸವೆಲ್ಲ ಕೆಡುತ್ತಿತ್ತೆಂದು ತಿಳಿಯುತ್ತದೆ. ತುಳುವಿನ ಹಾಡುಗತೆಯಾದ ಪಾಡ್ದನದ ಪ್ರಕಾರ, ಇಂಥದ್ದನ್ನು ಇನ್ನೊಬ್ಬರಿಗೆ ಕೆತ್ತಿಕೊಡಬಾರದೆಂದು ಅರಸ ಶಿಲ್ಪಿ ಕಲ್ಕುಡನ ಎಡಗೈ, ಬಲಗಾಲು ಕಡಿಸಿದ. ಉಳಿದ ಕೈಯಲ್ಲೇ ಅವನು ವೇಣೂರಿನ ಗೊಮ್ಮಟನನ್ನು ಕೆತ್ತಿದ. ಅಣ್ಣನ ಗತಿ ಕಂಡ ತಂಗಿ ಕಲ್ಲುರ್ಟಿಯ ಸಿಟ್ಟು ಆರಲಿಲ್ಲ. ಇಬ್ಬರೂ ಮಾಯಕವಾಗಿ ದೈವಗಳಾದರು, ಅರಸನ ಮನೆತನವನ್ನು ಕಾಡಿದರು.

ಇತಿಹಾಸ ಬಲ್ಲವರು ಈ ಕಥೆಯನ್ನು ಒಪ್ಪುವುದಿಲ್ಲ. ವೀರಪಾಂಡ್ಯ ಕಾರ್ಕಳದ ಮೂರ್ತಿ ನಿಲ್ಲಿಸಿದ್ದು 1432ರಲ್ಲಿ, ತಿಮ್ಮಣ್ಣ ಅಜಿಲ ವೇಣೂರಿನದನ್ನು 1604ರಲ್ಲಿ. ನಡುವೆ 172 ವರ್ಷ. ಒಬ್ಬನೇ ಎರಡನ್ನೂ ಕೆತ್ತಲಾರ. ಲೆಕ್ಕ ಸರಿ. ಆದರೆ ಪಾಡ್ದನ ಇಸವಿ ಬರೆದಿಡುವ ಕಡತವಲ್ಲ. ಶಾಸನದಲ್ಲಿ ಅರಸನ ಹೆಸರು ಉಳಿಯಿತು, ದುಡಿದವರ ನೋವಿಗೆ ಹಾಡೇ ಶಾಸನವಾಯಿತು. ಅನ್ಯಾಯಕ್ಕೆ ಸೇಡು ತೀರಿಸುವ ಕೆಲಸ ಗ್ರೀಸಿನ ಪುರಾಣದಲ್ಲಿ ಎರಿನಿಗಳೆಂಬ ದೇವತೆಗಳದು. ಕ್ರಿ.ಪೂ. 458ರ ಈಸ್ಕಿಲಸನ ನಾಟಕದಲ್ಲಿ, ತಾಯಿಯನ್ನು ಕೊಂದ ಒರೆಸ್ಟಿಸನನ್ನು ಅವರು ಅಥೆನ್ಸಿನವರೆಗೆ ಬೆನ್ನಟ್ಟುತ್ತಾರೆ. ಅಲ್ಲಿ ದೇವತೆ ಅಥೀನಾ ಕೂರಿಸಿದ ನ್ಯಾಯಮಂಡಳಿಯ ಮತ ಸಮವಾಗಿ ಆರೋಪಿ ಬಿಡುಗಡೆಯಾಗುತ್ತಾನೆ. ಎರಿನಿಗಳಿಗೆ ಪೂಜೆ, ನೆಲೆ ಸಿಗುತ್ತವೆ. ತೀರ್ಪು ಹೇಳುವ ಅಧಿಕಾರ ಮಾತ್ರ ಮಂಡಳಿಯದು. ನಮ್ಮ ತುಳುನಾಡಿನಲ್ಲಿ ಅನ್ಯಾಯ ಉಂಡವರೇ ದೈವವಾದರು, ಊರು ಅವರ ಕೈಗೇ ನ್ಯಾಯವನ್ನು ಒಪ್ಪಿಸಿತು. ಪಣೋಲಿಬೈಲಿನ ದೈವಸ್ಥಾನದಲ್ಲಿ ಕಲ್ಲುರ್ಟಿಗೆ ಅಗೇಲು, ಅಂದರೆ ಎಡೆ, ಬಡಿಸುವವರು ಅವಳಲ್ಲಿ ಹೇಳಿಕೊಳ್ಳುವುದು ಇವತ್ತಿನ ಕಳವು, ಮೋಸ, ಸಂಕಟಗಳನ್ನೇ.

ಇದು ನ್ಯಾಯವಲ್ಲ, ಬರೀ ಹೆದರಿಕೆ ಎಂಬ ಆಕ್ಷೇಪವೂ ಇದೆ. ಹೆದರಿಕೆ ಇರುವುದು ನಿಜ. ಆದರೆ ಯಾರು ಯಾರಿಗೆ ಹೆದರುತ್ತಾರೆಂದು ನೋಡಬೇಕು. ದೈವದ ಕೋಲ ನಡೆಯುವ ರಾತ್ರಿ, ಅಂಚಿನ ಸಮುದಾಯಗಳಾದ ನಲಿಕೆ, ಪರವ, ಪಂಬದರಲ್ಲೊಬ್ಬ ಬೆನ್ನಿಗೆ ಅಣಿ ಕಟ್ಟಿ ದೈವದ ನುಡಿ ಕೊಡುವಾಗ, ಗುತ್ತೆಂಬ ಭೂಮಾಲೀಕ ಮನೆತನದ ಯಜಮಾನ ಕೈಮುಗಿದು ನಿಂತು ಕೇಳಬೇಕು. ಬೆಳಗಾದ ಮೇಲೆ ಆ ಮನುಷ್ಯನಿಗೆ ಅಂಗಳದಲ್ಲಿ ಅದೇ ಮರ್ಯಾದೆ ಸಿಗದಿದ್ದರೆ ಕಲ್ಕುಡನ ಕೈಯನ್ನು ಮತ್ತೆ ಕಡಿದಂತೆಯೇ. ಸೇಡಿನ ದೈವ ನಮ್ಮಿಂದ ಕೇಳುವುದು ಅಗೇಲಿನ ಜೊತೆಗೆ ಈ ಲೆಕ್ಕವನ್ನೂ. ಕಾರ್ಕಳದ ಗುಡ್ಡ ಹತ್ತುವವರು ಎತ್ತರ ಕೇಳುವ ಮೊದಲು ಆ ಬಳ್ಳಿಯ ಮುಂದೆ ಒಂದು ಗಳಿಗೆ ನಿಲ್ಲಲಿ.